ಒಲೆ ಆರಿಸಿ, ಆಮೇಲೆ ಸಿನಿಮಾ ಹಾಕಿ: ಮಲೆನಾಡಿನ ಅಡುಗೆಗೆ ಜೊತೆಯಾಗುವ ಸಿನಿಮಾ, ಧಾರಾವಾಹಿಗಳು

ನಮ್ಮಮ್ಮ ನೋಡಿದ ಸಿನಿಮಾಗಳೆಲ್ಲ ಅರ್ಧರ್ಧ. ಭಾನುವಾರ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬಂದರೆ ನಾವೆಲ್ಲ ಟಿವಿ ಮುಂದೆ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸಟ್ಟುಗ ಹಿಡಿದು ನಿಂತಿರುತ್ತಿದ್ದಳು. ಒಳಗೆ ಕಾವಲಿ ಮೇಲೆ ರೊಟ್ಟಿ. ಸೀದ ವಾಸನೆ ಬಂದ ಕೂಡಲೇ ಓಡುತ್ತಿದ್ದಳು. ವಾಪಸ್ ಬರುವಷ್ಟರಲ್ಲಿ ಕಥೆ ಎಲ್ಲಿಗೋ ಹೋಗಿರುತ್ತಿತ್ತು. "ಅವನಿಗೆ ಯಾಕೆ ಸಿಟ್ಟು ಬಂತು?" ಅಂತ ಕೇಳುತ್ತಿದ್ದಳು. "ಸುಮ್ನಿರಮ್ಮ, ಕೇಳಿಸಲ್ಲ" ಅನ್ನುತ್ತಿದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯಾವ ಸಿನಿಮಾಗೆ ಯಾವ ತಿಂಡಿ ಅಂತ ಬರೆಯಲು ಕೂತಾಗ ನನಗೆ ಮೊದಲು ಹೊಳೆದದ್ದು ಇದೇ. ರುಚಿಯ ಜೋಡಿ ಆಮೇಲೆ. ಅಡುಗೆ ಮಾಡಿದವರು ಮೊದಲ ದೃಶ್ಯದಿಂದ ಕೊನೆಯವರೆಗೆ ಎಲ್ಲರ ಜೊತೆ ಕೂತು ನೋಡಬೇಕು. ಅದಕ್ಕೆ ಒಗ್ಗುವ ಅಡುಗೆ ಯಾವುದು, ಅದನ್ನು ಯಾವಾಗ ಶುರು ಮಾಡಬೇಕು, ಯಾವ ಸಿನಿಮಾ ಜೊತೆ ಅದು ಕೂಡುತ್ತದೆ ಎಂದು ಇಲ್ಲಿ ಹೇಳುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿದೆ.

ಮೊದಲ ಹೆಜ್ಜೆ: ಒಲೆ ಬಿಡದ ಅಡುಗೆ, ಒಲೆ ಬಿಡುವ ಅಡುಗೆ

ಬೇಕಿರುವ ಅಡುಗೆಗಳನ್ನು ಎರಡು ಗುಂಪು ಮಾಡಿ. ಅಕ್ಕಿ ರೊಟ್ಟಿ, ನೀರುದೋಸೆ, ಬೋಂಡ, ಬಜ್ಜಿ ಇವೆಲ್ಲ ಒಲೆ ಬಿಡದವು. ಒಂದೊಂದಾಗಿ ಬಿಸಿಬಿಸಿ ಬಡಿಸಿದರೇ ರುಚಿ. ಅಂದರೆ ಒಬ್ಬರು ನಿಂತೇ ಇರಬೇಕು. ಸಿನಿಮಾ ದಿನ ಇವನ್ನು ಬಿಟ್ಟುಬಿಡಿ. ಮಳೆ ಬರುವಾಗ ಬಿಸಿ ಬಜ್ಜಿ ಬೇಕು ಅನ್ನಿಸುವುದು ಸಹಜ. ಅದನ್ನು ಸಿನಿಮಾ ಇಲ್ಲದ ದಿನ ಮಾಡಿಕೊಳ್ಳೋಣ.

ಇನ್ನೊಂದು ಗುಂಪಿನಲ್ಲಿ ಕಡುಬು, ಪತ್ರೊಡೆ, ಗಂಜಿ, ತಂಬುಳಿ, ಒತ್ತು ಶಾವಿಗೆ, ಕಲಸಿದ ಅವಲಕ್ಕಿ, ಕಷಾಯ ಇವೆ. ಇವು ಮುಂಚೆಯೇ ಮುಗಿಯುತ್ತವೆ. ಕೆಲವಂತೂ ಸ್ವಲ್ಪ ಹೊತ್ತು ಕೂತರೆ ಇನ್ನೂ ರುಚಿಯಾಗುತ್ತವೆ. ಹಬೆಯಲ್ಲಿ ಬೇಯಿಸುವ ಅಡುಗೆ ನಮ್ಮ ಕಡೆ ಇಷ್ಟೊಂದು ಇರುವುದು ಸಿನಿಮಾ ನೋಡುವವರಿಗೆ ದೊಡ್ಡ ಅನುಕೂಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯದೆ ಬಿಟ್ಟರೆ ಕಡುಬು ತುಂಬಾ ಹೊತ್ತು ಬೆಚ್ಚಗಿರುತ್ತದೆ.

ಎರಡನೇ ಹೆಜ್ಜೆ: ಕಿವಿ ಮತ್ತು ಕೈ

ಸಿನಿಮಾದಲ್ಲಿ ಮೌನ ಎಷ್ಟಿದೆ ನೋಡಿ. ಮಾತು ಕಡಿಮೆ, ಮಳೆ ಸದ್ದು, ನಿಟ್ಟುಸಿರು ಜಾಸ್ತಿ ಇರುವ ಸಿನಿಮಾಗೆ ಹಪ್ಪಳ ಬೇಡ. ನಾಲ್ಕು ಜನ ಒಟ್ಟಿಗೆ ಹಪ್ಪಳ ಮುರಿದರೆ ಆ ದೃಶ್ಯ ಅಲ್ಲಿಗೆ ಮುಗಿಯಿತು. ಹಾಡು, ಗಲಾಟೆ, ಹೊಡೆದಾಟ ಇರುವ ಸಿನಿಮಾಗೆ ಹಪ್ಪಳ, ಸಂಡಿಗೆ, ಚಕ್ಕುಲಿ ಎಲ್ಲ ಸರಿ.

ಕೈ ವಿಚಾರವೂ ಹಾಗೆಯೇ. ಸಾರು ಸುರಿದುಕೊಂಡು ಕಲಸಿ ತಿನ್ನುವ ಊಟಕ್ಕೆ ಕಣ್ಣು ತಟ್ಟೆ ಮೇಲೆ ಇರಬೇಕು. ಏಡಿ ಸಾರು, ಮುಳ್ಳಿನ ಮೀನು ಇದ್ದರಂತೂ ಟಿವಿ ನೋಡುತ್ತಾ ತಿನ್ನಲೇಬಾರದು. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ಊಟವನ್ನು ಮಧ್ಯಂತರಕ್ಕೆ ಇಟ್ಟುಕೊಳ್ಳಿ. ಹಳೆ ಸಿನಿಮಾಗಳಲ್ಲಿ 'ವಿಶ್ರಾಂತಿ' ಅಂತ ಬರುತ್ತದಲ್ಲ, ಅಲ್ಲಿ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಉಂಡು ಆಮೇಲೆ ಮುಂದುವರಿಸಿ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನಗೆ ಸಿನಿಮಾ ನೋಡುವಾಗ ಕಡಲೆಬೀಜ, ಖಾರದ ಮಂಡಕ್ಕಿ ಬಟ್ಟಲು ಕೊಡಬೇಡಿ. ಜೋರಾಗಿ ನಕ್ಕಾಗ ಕಾಳು ಶ್ವಾಸನಾಳಕ್ಕೆ ಹೋಗಬಹುದು. ಅಂಥ ದಿನ ಮೆತ್ತಗಿನ ತಿಂಡಿ ಮಾಡಿ.

ಮಾಲ್ಗುಡಿಗೆ ಕಷಾಯ

ಶುರು ಮಾಡುವವರಿಗೆ ನಾನು ಮೊದಲು ಹೇಳುವುದು 'ಮಾಲ್ಗುಡಿ ಡೇಸ್'. ಆರ್. ಕೆ. ನಾರಾಯಣ್ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಮಾಡಿದ್ದು. ಕಥೆಯ ಊರು ಕಲ್ಪನೆಯದು. ಕಣ್ಣಿಗೆ ಕಾಣುವ ಊರು ಮಾತ್ರ ನಮ್ಮ ಆಗುಂಬೆ. ಅಲ್ಲಿನ ದೊಡ್ಡಮನೆಯ ಅಂಗಳ, ಮರದ ಕಂಬಗಳು ಇವತ್ತಿಗೂ ಹಾಗೇ ಇವೆ. ರೈಲು ದೃಶ್ಯಗಳಿಗೆ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ ಬಳಸಿದ್ದರು. ಆ ಹಳೆ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಹೊಸನಗರ ಕಡೆ ಹೋದಾಗ ಮಕ್ಕಳಿಗೆ ತೋರಿಸಿ, ಆಮೇಲೆ ಮನೆಗೆ ಬಂದು ಒಂದು ಕಂತು ಹಾಕಿ. ಅವರ ಮುಖ ನೋಡಬೇಕು ಆಗ.

ಒಂದು ಕಂತು ಅರ್ಧ ಗಂಟೆಗೂ ಕಡಿಮೆ. ಇಷ್ಟಕ್ಕೆ ದೊಡ್ಡ ಅಡುಗೆ ಬೇಡ. ಒಂದು ಫ್ಲಾಸ್ಕ್ ಕಷಾಯ, ಒಂದು ಬೋಗುಣಿ ಕಲಸಿದ ಅವಲಕ್ಕಿ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಅಂಥ ಊರಿನ ಕಥೆಗೆ ಕಷಾಯದಷ್ಟು ಹೊಂದುವ ಕುಡಿಯುವ ಪದಾರ್ಥ ಬೇರೆ ಇಲ್ಲ.

ಕಷಾಯದ ಪುಡಿಗೆ ಕೊತ್ತಂಬರಿ ಬೀಜ 4 ಚಮಚ, ಜೀರಿಗೆ 2 ಚಮಚ, ಮೆಂತ್ಯ ಅರ್ಧ ಚಮಚ, ಕಾಳುಮೆಣಸು ಅರ್ಧ ಚಮಚ. ಬೇರೆ ಬೇರೆಯಾಗಿ ಹುರಿದು, ಆರಿಸಿ, ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಇಡೀ ಕಷಾಯ ಕಹಿ, ಹುಷಾರು. ನಾಲ್ಕು ಲೋಟ ನೀರಿಗೆ ಎರಡು ಚಮಚ ಪುಡಿ, ಬೇಕಾದಷ್ಟು ಬೆಲ್ಲ ಹಾಕಿ ಐದು ನಿಮಿಷ ಕುದಿಸಿ, ಒಂದು ಲೋಟ ಬಿಸಿ ಹಾಲು ಸೇರಿಸಿ ಸೋಸಿ. ಹಾಲು ಹಾಕಿದ ಮೇಲೆ ಜಾಸ್ತಿ ಕುದಿಸಬೇಡಿ. ಬೆಲ್ಲದ ಜೊತೆ ಕುದಿದರೆ ಹಾಲು ಒಡೆಯಬಹುದು.

ಅವಲಕ್ಕಿಗೆ ಒಲೆಯೇ ಬೇಡ ಅನ್ನಬಹುದು. ಕಾಯಿತುರಿ, ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ ಸೇರಿಸಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ನೀರು ಬಿಟ್ಟ ಮೇಲೆ ತೆಳು ಅವಲಕ್ಕಿ ಸುರಿದು ಕಲಸಿ. ಮೇಲೊಂದು ಕೊಬ್ಬರಿ ಎಣ್ಣೆಯ ಸಾಸಿವೆ ಒಗ್ಗರಣೆ. ಹತ್ತು ನಿಮಿಷದಲ್ಲಿ ಮುಗಿಯಿತು.

'ದ್ವೀಪ'ಕ್ಕೆ ಗಂಜಿ

ಈ ಜೋಡಿಯ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ನಾ. ಡಿಸೋಜ ಅವರ ಕಾದಂಬರಿಯಿಂದ ಗಿರೀಶ್ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ ಇದು. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂತು. ಅಣೆಕಟ್ಟಿನ ನೀರು ಏರುತ್ತಾ ಬರುತ್ತದೆ, ಊರವರೆಲ್ಲ ಹೊರಡುತ್ತಾರೆ, ಒಂದು ಮನೆಯವರು ಮಾತ್ರ ಗುಡ್ಡದ ಮೇಲೆ ಉಳಿಯುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ಕಡೆ 'ಮುಳುಗಡೆ' ಅಂದರೆ ಇವತ್ತಿಗೂ ವಿವರಿಸಬೇಕಾಗಿಲ್ಲ. ನಮ್ಮ ಮನೆಯ ಹಿರಿಯರು ಈ ಸಿನಿಮಾ ನೋಡುವಾಗ ತಟ್ಟೆ ಕೈಯಲ್ಲೇ ಹಿಡಿದು ಕೂತುಬಿಟ್ಟಿದ್ದರು.

ಸೌಂದರ್ಯ ಮಾಡಿದ ನಾಗಿ ಪಾತ್ರ ಇಡೀ ಮಳೆಗಾಲ ಆ ಮನೆಯನ್ನು ದುಡಿದು ಉಳಿಸುತ್ತದೆ. ಕೊನೆಗೆ ಗಂಡ, ದೇವರು ಕಾಪಾಡಿದ ಅನ್ನುತ್ತಾನೆ. ನಾಗಿಯ ದುಡಿಮೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಇಂಥ ಸಿನಿಮಾ ನಡೆಯುವಾಗ ಮನೆಯ ಹೆಂಗಸು ಅಡುಗೆಮನೆಯಲ್ಲಿ ಇದ್ದರೆ ಹೇಗೆ? ಅದಕ್ಕೇ ಅವತ್ತು ಗಂಜಿ. ಯಾರು ಬೇಕಾದರೂ ಮಾಡಬಹುದಾದ ಅಡುಗೆ. ನಮ್ಮ ಮನೆಯಲ್ಲಿ ಅವತ್ತು ಗಂಡಸರು ಮಾಡುತ್ತಾರೆ.

ಕೆಂಪು ಕುಚ್ಚಲಕ್ಕಿ ಒಂದು ಲೋಟ, ನೀರು ಏಳೆಂಟು ಲೋಟ. ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಉಪ್ಪನ್ನು ಕೊನೆಗೆ ಹಾಕಿ. ಮುಚ್ಚಿಟ್ಟರೆ ಗಂಜಿ ತಾನೇ ಹದವಾಗಿ ದಪ್ಪಗಾಗುತ್ತದೆ. ಬಡಿಸುವಾಗ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಮಿಡಿ ಕಚ್ಚಿದರೆ ಸದ್ದು ಬರುತ್ತದೆ, ಹಾಗಾಗಿ ಅದರ ರಸ ಮಾತ್ರ ಹಾಕಿಕೊಳ್ಳಿ. ಮಿಡಿಯನ್ನು ಸಿನಿಮಾ ಮುಗಿದ ಮೇಲೆ ಚೀಪಬಹುದು. ಹಪ್ಪಳ ಬೇಡವೇ ಬೇಡ.

'ಸಂಸ್ಕಾರ' ನೋಡುವಾಗ ಏನೂ ತಿನ್ನಬೇಡಿ

ಅಡುಗೆ ಬಗ್ಗೆ ಬರೆಯುತ್ತಾ ಹೀಗೆ ಹೇಳುತ್ತಿದ್ದೇನೆ, ಯಾಕೆ ಅಂದರೆ ಕಥೆಯೇ ಹಾಗಿದೆ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು. ಆರ್. ಅನಂತಮೂರ್ತಿ ಅವರ ಕಾದಂಬರಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಸಿನಿಮಾ ಮಾಡಿದರು. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ ಆಯಿತು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕು ಅನ್ನುವುದು ತೀರ್ಮಾನವಾಗದೆ ಯಾರೂ ಊಟ ಮಾಡುವ ಹಾಗಿಲ್ಲ. ಹಸಿವು ಆ ಕಥೆಯ ಒಳಗೇ ಕೂತಿದೆ. ಚಕ್ಕುಲಿ ತಿನ್ನುತ್ತಾ ಅದನ್ನು ನೋಡಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಹಾಗಾಗಿ ಸಂಜೆ ಆರಕ್ಕೆ ಹಾಕಿ. ಸುಮಾರು ಎರಡು ಗಂಟೆಯ ಸಿನಿಮಾ. ಮುಗಿಯುವಾಗ ಎಲ್ಲರಿಗೂ ಹಸಿವಾಗಿರುತ್ತದೆ. ಆಗ ಬಿಳಿ ಅನ್ನ, ಒಂದೆಲಗದ ತಂಬುಳಿ. ಒಂದು ಹಿಡಿ ಒಂದೆಲಗ, ಅರ್ಧ ಬಟ್ಟಲು ಕಾಯಿತುರಿ, ಕಾಲು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ, ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಆಯಿತು. ಇದನ್ನು ಮುಂಚೆಯೇ ಮಾಡಿಡಬಹುದು. ಸಣ್ಣ ಮಕ್ಕಳಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಮೊದಲೇ ಊಟ ಕೊಟ್ಟುಬಿಡಿ.

ಅವತ್ತಿನ ಊಟದಲ್ಲಿ ಮಾತು ತುಂಬಾ ಹೊತ್ತು ನಡೆಯುತ್ತದೆ. ಕೈ ಒಣಗುವವರೆಗೆ ಕೂತು ಮಾತಾಡಿದ್ದೇವೆ.

'ಮುಂಗಾರು ಮಳೆ'ಗೆ ಹಲಸಿನ ಹಪ್ಪಳ

ಇದು ಸುಲಭ. 2006ರ ಕೊನೆಯಲ್ಲಿ ಬಂದ ಸಿನಿಮಾ. ಸಕಲೇಶಪುರ, ಮಡಿಕೇರಿ, ನಮ್ಮ ಜೋಗ ಎಲ್ಲ ಅದರಲ್ಲಿ ನೆನೆದು ನಿಂತಿವೆ. ಹಾಡು ಬಂದಾಗ ಎಲ್ಲರೂ ಜೊತೆಗೆ ಹಾಡುತ್ತಾರೆ, ಹಾಗಾಗಿ ಸದ್ದಿನ ಚಿಂತೆ ಇಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ, ಬಾಳಕದ ಮೆಣಸು ತೆಗೆಯಿರಿ. ಸಿನಿಮಾಗೆ ಅರ್ಧ ಗಂಟೆ ಮುಂಚೆ ಕರಿದು, ಪೂರ್ತಿ ಆರಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ಕೂತು ಮೆತ್ತಗಾಗುತ್ತದೆ. ಆಷಾಢದ ಗಾಳಿಗೆ ಬಿಟ್ಟರೂ ಹತ್ತು ನಿಮಿಷಕ್ಕೆ ಮೆತ್ತಗೆ. ಡಬ್ಬಿಯನ್ನೇ ಕೈಯಿಂದ ಕೈಗೆ ದಾಟಿಸಿ, ಪ್ರತಿ ಸಲ ಮುಚ್ಚಿ.

ನಗೆ ಸಿನಿಮಾಗೆ ಒತ್ತು ಶಾವಿಗೆ

1991ರ 'ಗೌರಿ ಗಣೇಶ'ದಂಥ ಅನಂತ್ ನಾಗ್ ಸಿನಿಮಾ ಇದ್ದರೆ ಇಡೀ ಮನೆ ಸೇರುತ್ತದೆ. ಅಷ್ಟು ಜನ ಇದ್ದಾಗಲೇ ಶಾವಿಗೆ ಮಾಡಬೇಕು. ಅದು ಒಬ್ಬರ ಕೆಲಸ ಅಲ್ಲ. ಬೆಂದ ಅಕ್ಕಿ ಹಿಟ್ಟಿನ ಮುದ್ದೆ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಒಬ್ಬರು ಒರಳು ಹಿಡಿಯಬೇಕು, ಒಬ್ಬರು ಒತ್ತಬೇಕು, ಒಬ್ಬರು ಕೆಳಗೆ ಬಾಳೆ ಎಲೆ ತಿರುಗಿಸಬೇಕು. ಮಕ್ಕಳಿಗೆ ಎಲೆ ತಿರುಗಿಸುವ ಕೆಲಸ ಕೊಡಿ. ನಗು ಅಲ್ಲೇ ಶುರುವಾಗುತ್ತದೆ.

ಜೊತೆಗೆ ಕಾಯಿಹಾಲು: ತೆಂಗಿನಕಾಯಿ ಹಾಲಿಗೆ ಬೆಲ್ಲ, ಏಲಕ್ಕಿ. ಶಾವಿಗೆ ಮೆತ್ತಗಿರುವುದರಿಂದ ನಗುವಾಗ ಗಂಟಲಿಗೆ ಸಿಕ್ಕುವ ಭಯ ಕಡಿಮೆ. ತಣ್ಣಗಾದರೂ ರುಚಿ ಕೆಡುವುದಿಲ್ಲ.

ರಾಜಕುಮಾರ್ ಸಿನಿಮಾಗೆ ಕಡುಬು, ಕೋಳಿ ಸಾರು

'ಗಂಧದ ಗುಡಿ' (1973) ಕಾಡಿನ ಸಿನಿಮಾ, ರಾಜಕುಮಾರ್ ಅದರಲ್ಲಿ ಅರಣ್ಯಾಧಿಕಾರಿ. ಭಾನುವಾರ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೋಳಿ ಸಾರನ್ನು ಬೆಳಿಗ್ಗೆಯೇ ಮಾಡಿ ಮುಚ್ಚಿಡಿ. ಒಂದೆರಡು ಗಂಟೆ ಕೂತರೆ ಮಸಾಲೆ ಹಿಡಿಯುತ್ತದೆ. ಕಡುಬಿಗೆ ಎರಡು ಲೋಟ ಅಕ್ಕಿ ತರಿ ಸ್ವಲ್ಪ ಹುರಿದುಕೊಂಡು, ನಾಲ್ಕು ಲೋಟ ಕುದಿಯುವ ಉಪ್ಪು ನೀರಿಗೆ ಸುರಿದು, ಗಂಟಿಲ್ಲದ ಹಾಗೆ ತಿರುವಿ ಗಟ್ಟಿ ಮಾಡಿ. ಕೈ ತಾಳುವಷ್ಟು ಬಿಸಿ ಇರುವಾಗ ಉಂಡೆ ಕಟ್ಟಿ 15–20 ನಿಮಿಷ ಹಬೆಯಲ್ಲಿ ಬೇಯಿಸಿ. ವಿಶ್ರಾಂತಿವರೆಗೆ ಪಾತ್ರೆ ಮುಚ್ಚಿಯೇ ಇರಲಿ. ಮಾಂಸ ತಿನ್ನದವರಿಗೆ ಅದೇ ಕಡುಬಿಗೆ ಕಾಯಿ ಚಟ್ನಿ, ಇಲ್ಲವೇ ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ. ಕಳಲೆಯಲ್ಲಿ ಒಂದು ಎಚ್ಚರಿಕೆ ಇದೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಹೆಚ್ಚಿ ಮೂರು ದಿನ ನೀರಿನಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಿ ಪಲ್ಯ ಮಾಡಬೇಕು. ಅಂದರೆ ಭಾನುವಾರದ ಸಿನಿಮಾಗೆ ಗುರುವಾರವೇ ಕಳಲೆ ನೀರಿಗೆ ಬೀಳಬೇಕು.

ದಿನದ ಧಾರಾವಾಹಿಗೆ ತಿಂಡಿ ಅಲ್ಲ, ಕೆಲಸ

ರಾತ್ರಿ ಧಾರಾವಾಹಿ ನೋಡುವಾಗ ತಿನ್ನುವುದಕ್ಕಿಂತ ಕೈಗೆ ಒಂದು ಹಗುರ ಕೆಲಸ ಇದ್ದರೆ ಚೆನ್ನ. ಬಸಳೆ ಸೊಪ್ಪು ಬಿಡಿಸುವುದು, ಹಲಸಿನ ಬೀಜದ ಸಿಪ್ಪೆ ತೆಗೆಯುವುದು, ಅವರೆಕಾಳು ಸುಲಿಯುವುದು. ಈ ಕೆಲಸಗಳಿಗೆ ಕಣ್ಣು ಜಾಸ್ತಿ ಬೇಡ. ಮನೆಯವರೆಲ್ಲ ಒಂದೊಂದು ಹಿಡಿ ತೆಗೆದುಕೊಂಡರೆ ಒಂದು ಕಂತು ಮುಗಿಯುವಾಗ ನಾಳೆಯ ಹುಳಿಗೆ ಬೇಕಾದದ್ದು ತಯಾರು. ಚಾಕು ಬೇಕಾದ ಕೆಲಸ ಮಾತ್ರ ಬೇಡ.

ಕರೆಂಟಿನ ಲೆಕ್ಕ

ಮಳೆಗಾಲದಲ್ಲಿ ನಮ್ಮ ಕಡೆ ಸಿನಿಮಾ ನೋಡುವವರು ಇದನ್ನು ಮರೆಯಬಾರದು. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಹಾಗಾಗಿ ಸಿನಿಮಾವನ್ನು ಹಿಂದಿನ ದಿನವೇ ಮೊಬೈಲಿಗೆ ಅಥವಾ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಸಾಮಾನ್ಯ ಎಲ್‌ಇಡಿ ಟಿವಿ 100 ವಾಟ್ ಒಳಗೇ ಓಡುತ್ತದೆ, ಇನ್ವರ್ಟರಿಗೆ ಅದು ಹಗುರ. ಮಿಕ್ಸಿಗೆ 500ರಿಂದ 750 ವಾಟ್ ಬೇಕು. ಇನ್ವರ್ಟರ್ ಮೇಲೆ ಮಿಕ್ಸಿ ಹಾಕಬೇಡಿ. ರುಬ್ಬುವುದೆಲ್ಲ ಬೆಳಿಗ್ಗೆ ಕರೆಂಟ್ ಇರುವಾಗಲೇ ಮುಗಿಯಲಿ.

ಪತ್ರೊಡೆ ಮಾಡುವ ಭಾನುವಾರ

ಕೊನೆಗೆ ನನ್ನ ಇಷ್ಟದ ಅಡುಗೆ. ಇದು ಯಾವ ಸಿನಿಮಾಗೂ ನಡೆಯುತ್ತದೆ. ಅಮ್ಮನಿಗೂ ಇದೇ ಇಷ್ಟ.

ಶನಿವಾರ ಮಧ್ಯಾಹ್ನ ಎರಡು ಲೋಟ ಅಕ್ಕಿ ನೆನೆಹಾಕಿ. ಸಂಜೆ ಹೊತ್ತಿಗೆ ಕೆಸುವಿನ ಎಲೆ ತಂದು, ತೊಳೆದು, ಹಿಂಬದಿಯ ದಪ್ಪ ನಾರು ಕೆತ್ತಿ ತೆಗೆಯಿರಿ. ಬ್ಯಾಡಗಿ ಮೆಣಸಿನಕಾಯಿ 8–10, ಕೊತ್ತಂಬರಿ ಎರಡು ಚಮಚ, ಜೀರಿಗೆ ಒಂದು ಚಮಚ, ನಿಂಬೆ ಗಾತ್ರದ ಹುಣಸೆಹಣ್ಣು, ಸ್ವಲ್ಪ ಬೆಲ್ಲ, ಕಾಯಿ, ಉಪ್ಪು, ನೆನೆದ ಅಕ್ಕಿ ಎಲ್ಲ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿ ರುಬ್ಬಿ. ಹುಳಿ ಕಡಿಮೆ ಮಾಡಬೇಡಿ. ಕೆಸುವಿನಲ್ಲಿರುವ ತುರಿಕೆ ಹೋಗುವುದು ಹುಳಿಯಿಂದ ಮತ್ತು ಚೆನ್ನಾಗಿ ಬೇಯುವುದರಿಂದ. ಎಲೆಯ ಹಿಂಬದಿಗೆ ಹಿಟ್ಟು ಸವರಿ, ಮೇಲೆ ಇನ್ನೊಂದು ಎಲೆ, ಹೀಗೆ ನಾಲ್ಕೈದು ಇಟ್ಟು ಸುರುಳಿ ಸುತ್ತಿ, 40–45 ನಿಮಿಷ ಹಬೆಯಲ್ಲಿ ಬೇಯಿಸಿ. ರಾತ್ರಿ ಹಾಗೇ ಬಿಡಿ. ಫ್ರಿಜ್ ಇದ್ದರೆ ಒಳಗಿಡಿ.

ಭಾನುವಾರ ಮೂರು ಗಂಟೆಗೆ ಸುರುಳಿಗಳನ್ನು ಬೆರಳ ದಪ್ಪಕ್ಕೆ ಹೆಚ್ಚಿ. ಮೂರೂಕಾಲಿಗೆ ಕಾವಲಿಯಲ್ಲಿ ಕೊಬ್ಬರಿ ಎಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ. ಮೂರೂಮುಕ್ಕಾಲಿಗೆ ಒಲೆ ಆರಿಸಿ. ತಟ್ಟೆ, ನೀರು, ತುಪ್ಪ, ಕೈ ಒರೆಸುವ ಬಟ್ಟೆ ಎಲ್ಲ ಟಿವಿ ಕೋಣೆಗೆ ಬರಲಿ, ನಡುವೆ ಯಾರೂ ಏಳುವ ಹಾಗಿರಬಾರದು. ನಾಲ್ಕಕ್ಕೆ ಸಿನಿಮಾ.

ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ನಡುವಿನ ಕುರ್ಚಿ ಅವಳದು. ಕಥೆ ಎಲ್ಲಿ ಹೋಗುತ್ತದೆ ಅಂತ ಈಗ ಅವಳೇ ನಮಗೆ ಮುಂಚೆ ಹೇಳಿಬಿಡುತ್ತಾಳೆ, ನಾವೇ ಸುಮ್ಮನೆ ಕೇಳುತ್ತೇವೆ. ಉಳಿದ ಪತ್ರೊಡೆಯನ್ನು ಸೋಮವಾರ ಬೆಳಿಗ್ಗೆ ಪುಡಿ ಮಾಡಿ, ಸಾಸಿವೆ, ಕರಿಬೇವಿನ ಒಗ್ಗರಣೆಗೆ ಹಾಕಿ, ಮೇಲೆ ಕಾಯಿತುರಿ ಉದುರಿಸಿ. ಕಾಫಿ ಜೊತೆ ತಿನ್ನಿ.